ತಿಂಗಳಿಗೆ 18 ದಿನ ಲಾಡ್ಜಿನಲ್ಲೇ ಇರೋರು ವ್ಯಾಯಾಮ ಹೇಗೆ ಉಳಿಸಿಕೊಂಡಿದೀರಿ?

ಟೂರ್ ಬ್ಯಾಗ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರ ರಿಪೇರಿ ಮಾಡೋ ಸರ್ವಿಸ್ ಎಂಜಿನಿಯರ್. ಮನೆ ದಾವಣಗೆರೆ, ಕೆಲಸ ಊರೂರು. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು, ಕಲಬುರಗಿ, ಬೀದರ್. ತಿಂಗಳಲ್ಲಿ 18 ದಿನ ಲಾಡ್ಜಿನಲ್ಲೇ ಮಲಗ್ತೀನಿ. ವರ್ಷಕ್ಕೆ ನಾಲ್ಕೈದು ಸಲ ಟ್ರೈನಿಂಗ್ ಅಂತ ಬೆಂಗಳೂರಿಗೋ ಚೆನ್ನೈಗೋ ಕರೀತಾರೆ, ಆಗ ಮಾತ್ರ ಜಿಮ್ ಇರೋ ಹೋಟೆಲ್ ಸಿಗುತ್ತೆ.

ಈ ರೂಟಿಗೆ ಬರೋ ಮುಂಚೆ ಎರಡು ವರ್ಷ ನಮ್ಮ ಬೀದಿ ಜಿಮ್ಮಿಗೆ ತಪ್ಪದೆ ಹೋಗ್ತಿದ್ದೆ. 80 ಕೆಜಿ ಸ್ಕ್ವಾಟ್ (ಭಾರ ಹೊತ್ತು ಕೂತು ಏಳೋದು), 100 ಕೆಜಿ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು) ತನಕ ಬಂದಿದ್ದೆ. ಟೂರ್ ಶುರುವಾಗಿ ಏಳು ತಿಂಗಳು, ತೂಕ 6 ಕೆಜಿ ಏರಿದೆ. ಹೋದ ವಾರ ಖಾಲಿ ಹೊಟ್ಟೆ ಶುಗರ್ 112 ಬಂತು. ವಯಸ್ಸು ಇನ್ನೂ 38. ಸಕ್ಕರೆ ಕಾಯಿಲೆಯಿಂದ ನಮ್ಮಪ್ಪನ ಕಾಲಿನ ಎರಡು ಬೆರಳು ತೆಗೆದಾಗ ಮಂಚದ ಪಕ್ಕ ಕೂತಿದ್ದವನು ನಾನು. ರಿಪೋರ್ಟ್ ಕೈಗೆ ಬಂದ ರಾತ್ರಿ ನಿದ್ದೆ ಹತ್ತಲಿಲ್ಲ.

ಈಗಿನ ಕಥೆ ಹೀಗಿದೆ. ಟೂರಲ್ಲಿದ್ದಾಗ ಏನೂ ಮಾಡಲ್ಲ. ಮನೆಗೆ ಬಂದ ದಿನ ಬಾಕಿ ತೀರಿಸೋ ಹಾಗೆ ಜಿಮ್ಮಲ್ಲಿ ಎರಡು ಗಂಟೆ. ಆಮೇಲೆ ಮೂರು ದಿನ ಮೆಟ್ಟಿಲು ಇಳಿಯೋಕಾಗಲ್ಲ, ಅಷ್ಟರಲ್ಲಿ ಮತ್ತೆ ಬಸ್ಸು ಹತ್ತೋ ದಿನ ಬಂದಿರುತ್ತೆ. ಲಾಡ್ಜ್ ರೂಮು ಅಂದ್ರೆ ಹತ್ತು ಹನ್ನೆರಡು ಅಡಿ, ಅದರಲ್ಲಿ ಮುಕ್ಕಾಲು ಪಾಲು ಮಂಚವೇ. ಬೆಳಿಗ್ಗೆ 8ಕ್ಕೆ ಆಸ್ಪತ್ರೆಯಲ್ಲಿರಬೇಕು, ವಾಪಸ್ ಬರೋದು ರಾತ್ರಿ 9. ಇಂಥ ಕೆಲಸದಲ್ಲಿದ್ದೂ ಮೈ ಕಾಪಾಡಿಕೊಂಡೋರು ಇದ್ರೆ ದಯವಿಟ್ಟು ಹೇಳಿ.

ಉಣಕಲ್ ದಂಡಿ, ಹುಬ್ಬಳ್ಳಿ

ಅಣ್ಣಾರ, ನಿಮ್ಮ ರೂಟ್ ನನಗ ಚಲೋ ಗೊತ್ತೈತ್ರಿ. ಔಷಧ ಕಂಪನಿ ರೆಪ್ ಆಗಿ 14 ವರ್ಷ ತಿರಗೀನಿ. ಮೊದಲ ಐದು ವರ್ಷ ನಾನೂ ನಿಮ್ಮಂಗ ಮನಿಗೆ ಬಂದಾಗ ಒಮ್ಮೆಲೆ ಮಾಡತಿದ್ದೆ. ಸೊಂಟ ಹಿಡಕೊಂಡು ಹದಿನೈದು ದಿವಸ ಹಾಸಗಿ ಮ್ಯಾಲ ಮಲಗಿದ್ದೆ. ಅವಾಗ ರೀತಿ ಬದಲ ಮಾಡಿದೆ.

ಮೊದಲ ಕೆಲಸ, ರೂಮ್ ಹಿಡಿಯೋಕ ಮುಂಚೆ ಆ ಊರಾಗ ಮುಂಜಾನೆ ಮಂದಿ ಎಲ್ಲಿ ವಾಕಿಂಗ್ ಹೊಕ್ಕಾರ ಅಂತ ಕೇಳ್ರಿ. ಬಸ್ ಸ್ಟ್ಯಾಂಡ್ ಎದರಿಗೆ ಇಳಕೊಳ್ಳೋದು ನಾ ಬಿಟ್ಟ ಬಿಟ್ಟೆ. ಕಲಬುರಗಿಯೊಳಗ ಅಪ್ಪನ ಕೆರಿ ದಂಡಿ, ಇಲ್ಲಂದ್ರ ಪಬ್ಲಿಕ್ ಗಾರ್ಡನ್. ಬೆಳಗಾವಿಗೆ ಹೋದ್ರ ವ್ಯಾಕ್ಸಿನ್ ಡಿಪೋ, ಗಿಡದ ನೆಳ್ಳ ಅಲ್ಲಿ ಭಾಳ ತಂಪ. ನಮ್ಮೂರಿಗೆ ಬಂದ್ರ ನೃಪತುಂಗ ಬೆಟ್ಟ ಹತ್ತರಿ, ಇಪ್ಪತ್ತ ನಿಮಿಷದಾಗ ಬೆವರ ಇಳಸತೈತಿ. ಕುಂದವಾಡ ಕೆರಿ ನಿಮ್ಮ ಮನಿ ಹತ್ರನ ಐತಿ, ನಿಮಗ ಹೇಳೋದ ಬ್ಯಾಡ. ಬ್ಯಾಸಿಗಿಯೊಳಗ ಕಲಬುರಗಿ, ರಾಯಚೂರ ಕಡೆ 40 ಡಿಗ್ರಿ ದಾಟತೈತಿ, ಏಪ್ರಿಲ್ ಮೇದಾಗ ಆರೂವರಿ ಒಳಗ ಮುಗಸ್ರಿ. ಸಂಜಿಮುಂದ ಹೋಗ್ತೀನಿ ಅಂದ್ರ ಡಾಂಬರೂ ಗೋಡಿನೂ ಕಾದಿರತಾವ.

ಎರಡನೇದು ಕಿಟಕಿ ಸರಳು. ಹಳೇ ಲಾಡ್ಜಿನ ಕಿಟಕಿಗೆ ಕಬ್ಬಿಣದ ಸರಳ ಇರತಾವಲ್ಲ, ಅದಕ್ಕ ರೆಸಿಸ್ಟನ್ಸ್ ಬ್ಯಾಂಡ್ (ವ್ಯಾಯಾಮದ ರಬ್ಬರ್ ಪಟ್ಟಿ) ಸಿಗಿಸಿ ಎದಿ ಕಡೆ ಎಳೀರಿ. ದಂಡ, ಪುಷ್ಅಪ್ ಎಲ್ಲಾ ಮುಂದಿನ ಮೈಗೆ ಆತು, ಬೆನ್ನಿಗೆ ರೂಮಿನ್ಯಾಗ ಏನೂ ಇರೂದಿಲ್ಲ, ಆ ಕೊರತಿ ಇದರಿಂದ ನೀಗತೈತಿ. ಎಳೆಯೋಕ ಮುಂಚೆ ಸರಳ ಅಲಗಾಡಿಸಿ ನೋಡ್ರಿ, ಬುಡಕ್ಕ ತುಕ್ಕ ಹಿಡದಿದ್ರ ಮುಟ್ಟಬ್ಯಾಡ್ರಿ. ಎರಡು ಬ್ಯಾಂಡ್ ಸೇರಿ ಒಂದು ಜೊತಿ ಕಾಲುಚೀಲದಷ್ಟ ಜಾಗ ಹಿಡೀತಾವ.

ಲೆಡ್ಜರ್ ಪುಟ, ಬೆಂಗಳೂರು

ಉಣಕಲ್ ದಂಡಿಯವರ ಮಾತು ಚೆನ್ನಾಗಿದೆ, ಆದರೆ ಅದು ಗಂಡಸರಿಗೆ ಸಲೀಸು. ನಾನು ಆಡಿಟ್ ಕೆಲಸದವಳು, ಒಬ್ಬಳೇ ಗುರುಗ್ರಾಮ, ಪುಣೆ, ಇಂದೋರ್ ಅಂತ ತಿರುಗ್ತೀನಿ. ಗೊತ್ತಿಲ್ಲದ ಊರಲ್ಲಿ ಇನ್ನೂ ಬೆಳಕು ಹರಿಯದ ಹೊತ್ತಿಗೆ ಕೆರೆ ದಂಡೆಗೆ ಹೋಗಿ ಅಂತ ನನ್ನ ತಂಗಿಗೆ ನಾನು ಹೇಳಲಾರೆ. ಉತ್ತರದಲ್ಲಿ ಡಿಸೆಂಬರ್ ಜನವರಿಯಲ್ಲಿ ಏಳು ಗಂಟೆಯಾದರೂ ಕತ್ತಲೆ, ಮೇಲೆ ಹೊಗೆಮಂಜು ಬೇರೆ, ಆ ಗಾಳಿಯಲ್ಲಿ ಓಡುವುದು ಶ್ವಾಸಕೋಶಕ್ಕೆ ಒಳ್ಳೆಯದೂ ಅಲ್ಲ. ಹಾಗಾಗಿ ನನಗೆ ಹೋಟೆಲ್ ಜಿಮ್ಮೇ ಆಸರೆ.

ಆದರೆ ಫೋಟೊ ನಂಬಬೇಡಿ. ಬುಕ್ ಮಾಡುವ ಮೊದಲು ರಿಸೆಪ್ಶನ್ನಿಗೆ ಫೋನ್ ಮಾಡಿ ಮೂರು ವಿಷಯ ಕೇಳ್ತೀನಿ: ಬಾಗಿಲು ಎಷ್ಟು ಗಂಟೆಗೆ ತೆಗೀತೀರಿ, ಡಂಬೆಲ್ ಎಷ್ಟು ಕೆಜಿ ತನಕ ಇದೆ, ಒಳಗೆ ಎಸಿ ಅಥವಾ ಫ್ಯಾನ್ ಇದೆಯಾ. ಒಮ್ಮೆ ಜಿಮ್ ಇದೆ ಅಂತಲೇ ಹೆಚ್ಚು ಕೊಟ್ಟು ಒಂದು ಹೋಟೆಲಿಗೆ ಹೋದರೆ, ನೆಲಮಾಳಿಗೆಯ ಕೋಣೆಯಲ್ಲಿ ಒಂದು ಕೆಟ್ಟ ಸೈಕಲ್ಲು, ಅದರ ಮೇಲೆ ಮಡಚಿಟ್ಟ ಬೆಡ್‌ಶೀಟುಗಳು. ಅಲ್ಲಿಂದ ಫೋನ್ ಮಾಡದೆ ಬುಕ್ ಮಾಡಿಲ್ಲ.

ಸಾಮಾನ್ಯವಾಗಿ 10 ಕೆಜಿಗೆ ಡಂಬೆಲ್ ಮುಗಿದುಬಿಡುತ್ತೆ. ಟೂರ್ ಬ್ಯಾಗ್ ಅವರೇ, 80 ಕೆಜಿ ಸ್ಕ್ವಾಟ್ ಮಾಡಿದವರಿಗೆ 10 ಕೆಜಿ ಯಾವ ಮೂಲೆಗೆ ಅನಿಸುತ್ತೆ ಅಲ್ವಾ? ಎರಡು ಕೈಯಲ್ಲಿ ಒಂದೊಂದು ಹಿಡಿದು, ಹಿಂಗಾಲನ್ನು ಬೆಂಚಿನ ಮೇಲಿಟ್ಟು, ಮುಂಗಾಲಿನ ಮೇಲೆ ಕೂತು ಏಳಿ. ಮೂರು ಎಣಿಸುತ್ತಾ ಇಳಿಯಿರಿ, ಕೆಳಗೆ ಒಂದು ಎಣಿಕೆ ನಿಲ್ಲಿ, ಆಮೇಲೆ ಏಳಿ. ಒಂದೊಂದು ಕಾಲಿಗೆ ಹತ್ತು. ಎಂಟನೆಯದಕ್ಕೆ ತೊಡೆ ನಡುಗುತ್ತೆ. ಭಾರ ಕಡಿಮೆಯಿದ್ದಾಗ ನಿಧಾನವನ್ನೇ ಭಾರ ಮಾಡ್ಕೋಬೇಕು. ನಾಲ್ಕು ವರ್ಷದಿಂದ ಹೀಗೇ ನಡೆಸಿದೀನಿ, ಮನೆಗೆ ಬಂದು ಬಾರ್‌ಬೆಲ್ ಎತ್ತಿದಾಗ ಏನೂ ಕಳೆದುಕೊಂಡಿರಲ್ಲ.

ಜಿಮ್ಮಲ್ಲಿ ಮುಜುಗರ ಆಗುವಂಥ ಜನ ಇದ್ದ ದಿನ ವಾಪಸ್ ರೂಮಿಗೆ ಬಂದು ಟವೆಲ್ ಹಾಸ್ತೀನಿ. ಹೆಣ್ಣುಮಕ್ಕಳು ಇದನ್ನು ಸೋಲು ಅಂದ್ಕೋಬೇಡಿ.

ಮಿಷಿಗನ್ ದಂಡೆ, ಚಿಕಾಗೊ

ಅಮೆರಿಕಕ್ಕೆ ಕೆಲಸದ ಮೇಲೆ ಬರುವವರು ಇದನ್ನು ದಯವಿಟ್ಟು ನೆನಪಿಡಿ: ಇಲ್ಲಿ ಟ್ರೆಡ್‌ಮಿಲ್ ಮೇಲೆ ಕಾಣುವ ಸಂಖ್ಯೆ ಕಿಲೋಮೀಟರ್ ಅಲ್ಲ, ಮೈಲಿ. ಮೊದಲ ಸಲ ಬಂದಾಗ, ಜೆಟ್‌ಲ್ಯಾಗ್‌ನಿಂದ ಬೆಳಗಿನ ಮೂರಕ್ಕೇ ಎಚ್ಚರವಾಗಿ ಹೋಟೆಲ್ ಜಿಮ್ಮಿಗೆ ಇಳಿದೆ. ಜಯನಗರದಲ್ಲಿ 9ರಲ್ಲಿ ಓಡುತ್ತಿದ್ದವನು ಅದೇ ಅಭ್ಯಾಸದಲ್ಲಿ 9 ಒತ್ತಿದೆ. ಗಂಟೆಗೆ 9 ಮೈಲಿ ಅಂದರೆ ಸುಮಾರು ಹದಿನಾಲ್ಕೂವರೆ ಕಿಲೋಮೀಟರ್. ಬೆಲ್ಟು ವೇಗ ಹಿಡಿಯುತ್ತಾ ಹೋದ ಹಾಗೆ ಕಾಲು ತಪ್ಪಿ ಹಿಂದಕ್ಕೆ ಎಸೆಯಲ್ಪಟ್ಟೆ. ಗದ್ದ ಒಡೆದು ಮೂರು ಹೊಲಿಗೆ ಬಿತ್ತು. ಆ ಹೊತ್ತಿನಲ್ಲಿ ಇಡೀ ಜಿಮ್ಮಿನಲ್ಲಿ ನಾನೊಬ್ಬನೇ ಇದ್ದೆ, ತಲೆಗೆ ಪೆಟ್ಟಾಗಿದ್ದರೆ ನೋಡುವವರಿರಲಿಲ್ಲ.

ಟ್ರೆಡ್‌ಮಿಲ್ಲಿಗೆ ಕೆಂಪು ದಾರದ ಕ್ಲಿಪ್ ಇರುತ್ತಲ್ಲ, ಅದನ್ನು ಅಂಗಿಗೆ ಸಿಕ್ಕಿಸಿಕೊಂಡೇ ಶುರು ಮಾಡಿ. ಬಿದ್ದರೆ ದಾರ ಕಿತ್ತು ಬೆಲ್ಟ್ ನಿಲ್ಲುತ್ತೆ. ಅವತ್ತು ನಾನು ಹಾಕಿಕೊಂಡಿರಲಿಲ್ಲ. ಭಾರದಲ್ಲೂ ಅಷ್ಟೇ, ಡಂಬೆಲ್ ಮೇಲೆ 25 ಅಂತ ಬರೆದಿದ್ದರೆ ಅದು ಪೌಂಡು, ಹನ್ನೊಂದು ಕೆಜಿ ಚಿಲ್ಲರೆ. ಇಲ್ಲಿಂದ ಊರಿಗೆ ಬಂದವರು ಇದನ್ನೇ ತಿರುವುಮುರುವು ಮಾಡಿಕೊಂಡು 25 ಕೆಜಿಯದನ್ನು ಭುಜದ ಮೇಲೆತ್ತಲು ಹೋದರೆ ಅಪಾಯ ಇನ್ನೂ ದೊಡ್ಡದು.

ಬೆಂಗಳೂರಿಗೂ ಇಲ್ಲಿಗೂ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಇಳಿದ ದಿನ ಭಾರ ಎತ್ತುವುದನ್ನು ನಾನು ಬಿಟ್ಟಿದ್ದೇನೆ. ಹಗಲು ಬೆಳಕಿನಲ್ಲಿ ಹೊರಗೆ ಅರ್ಧ ಗಂಟೆ ನಡೆಯುತ್ತೇನೆ. ಹೊಸ ಹೊತ್ತಿಗೆ ಮೈಯನ್ನು ಹೊಂದಿಸುವುದರಲ್ಲಿ ಬೆಳಕಿನಷ್ಟು ಕೆಲಸ ಮಾಡುವುದು ಬೇರೊಂದಿಲ್ಲ.

ಗರಡಿ ಮಣ್ಣು, ಮೈಸೂರು

ಟೂರ್ ಬ್ಯಾಗ್ ತಮ್ಮ, ನನಗೆ 61. ಚಿಕ್ಕಂದಿನಲ್ಲಿ ನಮ್ಮ ಮನೆ ಹಿಂದಿನ ಗರಡಿಯಲ್ಲೇ ಬೆಳೆದವನು. ಮೊದಲು ಸ್ಟೇಟ್ ಬ್ಯಾಂಕಿನಲ್ಲಿ ಕೆಲಸ, ಆಮೇಲೆ ಇನ್ಸ್‌ಪೆಕ್ಷನ್ ಡ್ಯೂಟಿ, ಹಂಗಾಗಿ ಹನ್ನೆರಡು ವರ್ಷ ನಾನೂ ಲಾಡ್ಜಿನಲ್ಲೇ ಇದ್ದೆ. ಆಗ ಹೋಟೆಲ್ ಜಿಮ್ ಅನ್ನೋ ಮಾತೇ ನಮ್ಮ ಕಿವಿಗೆ ಬಿದ್ದಿರಲಿಲ್ಲ. ದಂಡ, ಬಸ್ಕಿ ಎರಡೇ.

ನಮ್ಮ ವಸ್ತಾದರು ಹೇಳ್ತಿದ್ದುದು, ಆರಡಿ ಜಾಗ ಇದ್ರೆ ಸಾಮು ಮಾಡಬಹುದು ಅಂತ. ದಂಡ ಅಂದ್ರೆ ಈಗಿನ ಹುಡುಗರ ಪುಷ್ಅಪ್ ಅಲ್ಲ. ಸೊಂಟ ಮೇಲೆತ್ತಿ, ಕೈ ಕಾಲು ಅಗಲಿಸಿ ನಿಂತು, ತಲೆ ಮೊದಲು ನೆಲದ ಹತ್ತಿರ ಇಳಿದು, ಎದೆ ನೆಲ ಸವರಿಕೊಂಡು ಮುಂದೆ ಹೋಗಿ, ಆಮೇಲೆ ಹಾವು ಹೆಡೆ ಎತ್ತಿದ ಹಾಗೆ ಮೇಲೇಳಬೇಕು. ಮತ್ತೆ ಸೊಂಟ ಹಿಂದಕ್ಕೆ. ಒಂದೇ ಪಟ್ಟಿಗೆ ಭುಜ, ಎದೆ, ಬೆನ್ನು, ತೊಡೆ ಹಿಂಭಾಗ ಎಲ್ಲಾ ಸಡಿಲ ಆಗುತ್ತೆ. ದಿನವಿಡೀ ಮೆಷಿನ್ ಮುಂದೆ ಬಗ್ಗಿ ಕೆಲಸ ಮಾಡೋರಿಗೆ ಬೇಕಾಗಿರೋದೇ ಅದು. ಬಸ್ಕಿಗೆ ಕೈ ಬೀಸಿಕೊಂಡು, ಉಸಿರು ಬಿಡ್ತಾ ಕೂತು, ಎಳ್ಕೊಳ್ತಾ ಏಳಿ.

ಲೆಕ್ಕ ಹೀಗೆ ಇಟ್ಕೊಳಿ: 10 ದಂಡ, 20 ಬಸ್ಕಿ ಒಂದು ಸುತ್ತು. ಮೊದಲ ವಾರ ಎರಡು ಸುತ್ತು, ಮೂರನೇ ವಾರಕ್ಕೆ ನಾಲ್ಕು. ಹದಿನೈದು ನಿಮಿಷದಲ್ಲಿ ಮುಗಿಯುತ್ತೆ, ಸ್ನಾನಕ್ಕೆ ಮುಂಚೆ ಮಾಡಿ. ನಾನು ಈಗಲೂ ವಾರಕ್ಕೊಂದು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತೀನಿ, ಸಾವಿರದ ಮೇಲಿದೆ, ನಂದಿ ಹತ್ರ ಒಂದೇ ಒಂದು ಸಲ ಕೂರ್ತೀನಿ. ಆ ಲಾಡ್ಜಿನ ರೂಮುಗಳಲ್ಲಿ ಬಿಡದೆ ತೆಗೆದ ಬಸ್ಕಿಗಳೇ ಇವತ್ತು ನನ್ನನ್ನು ಹತ್ತಿಸ್ತಿರೋದು ಅಂತ ನನ್ನ ನಂಬಿಕೆ.

ಕಡಲ ಫಿಸಿಯೊ, ಮಂಗಳೂರು

ನಮಸ್ಕಾರ. ಗರಡಿ ಮಣ್ಣು ಅವರ ಬಗ್ಗೆ ಗೌರವ ಇಟ್ಟುಕೊಂಡೇ ಒಂದು ಮಾತು ಸೇರಿಸುತ್ತೇನೆ. ಭುಜ ಎತ್ತುವಾಗ ಚುಳುಕ್ ಅನ್ನುವವರು, ಮಣಿಕಟ್ಟು ನೋವಿರುವವರು ದಂಡವನ್ನು ಸೀದಾ ನೆಲದಲ್ಲಿ ಶುರು ಮಾಡಬಾರದು. ಮಂಚದ ಅಂಚಿಗೆ ಕೈ ಕೊಟ್ಟು ಮೊದಲು ಸಾದಾ ಪುಷ್ಅಪ್ ಮಾಡಿ. ಬಸ್ಕಿಯಲ್ಲಿ ಮುಂಗಾಲ ಮೇಲೆ ಕೂರುವ ಪದ್ಧತಿ ಉಂಟು, ಮಂಡಿ ಚಿಪ್ಪಿನ ಹಿಂದೆ ನೋವಿದ್ದರೆ ಹಿಮ್ಮಡಿ ಊರಿ, ಕುರ್ಚಿಯ ಎತ್ತರದವರೆಗೆ ಮಾತ್ರ ಇಳಿಯಿರಿ.

ಈಗ ಮೂಲ ಪ್ರಶ್ನೆಗೆ ಬರುವ. ಮನೆಗೆ ಬಂದ ದಿನ ಬಾಕಿ ತೀರಿಸುವುದು ಇದೆಯಲ್ಲ, ಅದನ್ನು ಇವತ್ತೇ ನಿಲ್ಲಿಸಿ. ಮೈಯಲ್ಲಿ ಬಾಕಿ ಖಾತೆ ಎಂಬುದಿಲ್ಲ. ಎರಡು ವಾರ ಸುಮ್ಮನಿದ್ದ ಸ್ನಾಯುವಿಗೆ ಒಮ್ಮೆಲೇ ಎರಡು ಗಂಟೆ ಹೇರಿದರೆ ನೋವು ಮಾತ್ರ ಉಳಿಯುವುದು. ಸಂಶೋಧಕ ಹಿಕ್ಸನ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಮಾಡಿದ ಪ್ರಯೋಗಗಳನ್ನು ನಾನು ರೋಗಿಗಳಿಗೆ ಯಾವಾಗಲೂ ಹೇಳುತ್ತೇನೆ. ಕೆಲವರಿಗೆ 10 ವಾರ, ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷ ಕಠಿಣ ಸೈಕಲ್ ಮತ್ತು ಓಟದ ತರಬೇತಿ ಕೊಟ್ಟರು. ಆಮೇಲೆ 15 ವಾರ ಅದನ್ನು ಕಡಿತ ಮಾಡಿದರು. ವಾರಕ್ಕೆ ಎರಡೇ ದಿನಕ್ಕೆ ಇಳಿಸಿದವರಲ್ಲೂ, ಆ ಎರಡು ದಿನದ ಶ್ರಮ ಮೊದಲಿನಷ್ಟೇ ಕಠಿಣವಾಗಿದ್ದಾಗ, ಆಮ್ಲಜನಕ ಬಳಸುವ ಸಾಮರ್ಥ್ಯ ಹಾಗೇ ಉಳಿಯಿತು. ದಿನಗಳನ್ನು ಹಾಗೇ ಇಟ್ಟು ಶ್ರಮದ ತೀವ್ರತೆ ತಗ್ಗಿಸಿದ ಪ್ರಯೋಗದಲ್ಲಿ ಮಾತ್ರ ಕುಸಿಯಿತು. ಅಂದರೆ ಟೂರಿನಲ್ಲಿ ಹೊತ್ತು ಕಡಿಮೆ ಮಾಡಿ, ದಿನ ಕಡಿಮೆ ಮಾಡಿ, ಮಾಡುವ ಆ ಸ್ವಲ್ಪವನ್ನು ಮಾತ್ರ ಸಡಿಲ ಬಿಡಬೇಡಿ. ಟೂರ್ ಎಂಬುದು ಗಳಿಸುವ ಕಾಲ ಅಲ್ಲ, ಉಳಿಸಿಕೊಳ್ಳುವ ಕಾಲ. ಇಷ್ಟು ಒಪ್ಪಿಕೊಂಡರೆ ಅರ್ಧ ಒತ್ತಡ ಹೋಗುತ್ತದೆ.

ಶುಗರಿಗೆ ಇನ್ನೊಂದು ಸುಲಭದ್ದು ಉಂಟು. ರಾತ್ರಿ ಊಟ ಮಾಡಿ ಸೀದಾ ಮಲಗಬೇಡಿ, ಹದಿನೈದು ನಿಮಿಷ ನಡೆಯಿರಿ. ನಡೆಯುವ ಕಾಲಿನ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ರಸ್ತೆ ಸರಿಯಿಲ್ಲದಿದ್ದರೆ ಲಾಡ್ಜಿನ ಕಾರಿಡಾರ್ ಸಾಕು. ಇನ್ಸುಲಿನ್ ತೆಗೆದುಕೊಳ್ಳುವವರು, ಕೆಲವು ಶುಗರ್ ಮಾತ್ರೆಯವರು ವ್ಯಾಯಾಮ ಮಾಡುವಾಗ ಸಕ್ಕರೆ ತೀರಾ ಇಳಿಯಬಹುದು, ಅವರು ವೈದ್ಯರನ್ನು ಕೇಳಿಯೇ ಶುರು ಮಾಡಿ, ಜೇಬಿನಲ್ಲಿ ಗ್ಲೂಕೋಸ್ ಇರಲಿ. ಎದೆ ಹಿಡಿದಂತಾದರೆ, ಎಡಗೈಗೋ ದವಡೆಗೋ ನೋವು ಹರಿದರೆ ರೂಮಿನಲ್ಲಿ ಮಲಗಿ ನೋಡುವ ಅನ್ನಬೇಡಿ, ಕೂಡಲೇ ಆಸ್ಪತ್ರೆ.

ವಸ್ತಿ ಬಸ್ಸು, ಗಂಗಾವತಿ

ನಾನು ಕಂಡಕ್ಟರ್ರಿ. ವಸ್ತಿ ಗಾಡಿ ಡ್ಯೂಟಿ, ರಾತ್ರಿ ಹಳ್ಳಿಯೊಳಗ ಬಸ್ಸಿನ್ಯಾಗ ಮಲಗೋದು. ಜಿಮ್ ಬಿಡ್ರಿ, ರೂಮೂ ಇಲ್ಲ. ಎಲ್ಲರದೂ ಓದಿದೆ, ನನಗೂ ಉಪಯೋಗ ಆತು.

ಒಂದ ಕೇಳಬೇಕಿತ್ತು ಫಿಸಿಯೊ ಮೇಡಂ ಅಥವಾ ಸರ್. ನಮ್ಮ ಡ್ರೈವರಣ್ಣಾಗ ಮೀನಖಂಡ ಬಾತು ಕೆಂಪಗಾಗಿತ್ತು, ರಕ್ತ ಹೆಪ್ಪುಗಟ್ಟೈತಿ ಅಂದ್ರು. ಒಂದ ಕಾಲಿಗಷ್ಟ ಬಂದಿತ್ತು. ಕುಂತ ಕೆಲಸ ಮಾಡೋರು ಏನ ಮಾಡಬೇಕು?

ಕಡಲ ಫಿಸಿಯೊ, ಮಂಗಳೂರು

ಅಣ್ಣ, ಬಹಳ ಮುಖ್ಯವಾದ ಪ್ರಶ್ನೆ ಕೇಳಿದಿರಿ. ನಾಲ್ಕು ಗಂಟೆ ಮೀರಿ ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಬಸ್ಸು, ರೈಲು, ವಿಮಾನ ಎಲ್ಲಕ್ಕೂ ಅದು ಅನ್ವಯ. ಆರೋಗ್ಯವಂತರಿಗೆ ಒಟ್ಟು ಅಪಾಯ ಸಣ್ಣದೇ, ಸುಮಾರು 6,000 ಮಂದಿಗೆ ಒಬ್ಬರು. ಮೀನಖಂಡವೇ ಕಾಲಿನ ರಕ್ತವನ್ನು ಮೇಲೆ ತಳ್ಳುವ ಪಂಪು. ಗಾಡಿ ನಿಂತಾಗೆಲ್ಲ ಇಳಿದು ಹಿಮ್ಮಡಿ ಎತ್ತಿ ಇಳಿಸುವುದು ಇಪ್ಪತ್ತು ಸಲ. ಸೀಟಿನಲ್ಲಿರುವ ಪ್ರಯಾಣಿಕರು ಅರ್ಧ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸಬೇಕು, ನೀರು ಕುಡಿಯಬೇಕು. ಒಂದೇ ಕಾಲು ಬಾತು ಬಿಸಿಯಾಗಿ ನೋವಿದ್ದರೆ ತಿಕ್ಕಬಾರದು, ಅವತ್ತೇ ವೈದ್ಯರಿಗೆ ತೋರಿಸಬೇಕು.

ಟೂರ್ ಬ್ಯಾಗ್, ದಾವಣಗೆರೆ

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೀತೀರಿ ಅಂದ್ಕೊಂಡಿರಲಿಲ್ಲ. ಊಟದ್ದೊಂದು ಹೇಳಿಬಿಡಿ. ಬೆಳಿಗ್ಗೆ ಪೂರಿ ಇಲ್ಲ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ 9ಕ್ಕೆ ಎಗ್ ರೈಸ್. ಬೇರೆ ದಾರಿ ಕಾಣ್ತಿಲ್ಲ.

ಉಣಕಲ್ ದಂಡಿ, ಹುಬ್ಬಳ್ಳಿ

ಖಾನಾವಳಿ ಇರೋ ಸೀಮಿಯೊಳಗ ತಿರಗತಿರಿ, ದಾರಿ ಇಲ್ಲ ಅಂದ್ರ ಹೆಂಗ್ರಿ ಅಣ್ಣಾರ? ಎರಡು ಜ್ವಾಳದ ರೊಟ್ಟಿ, ಹೆಸರಕಾಳ ಇಲ್ಲಾ ಮಡಕಿಕಾಳ ಪಲ್ಯ ಎರಡ ಸಲ ಹಾಕಸ್ಕೋರಿ, ಮೆಂತ್ಯಾಪಲ್ಲೆ, ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಮಸರು. ಅನ್ನ ಬ್ಯಾಡ ಅಂತ ಮೊದಲ ಹೇಳ್ರಿ, ತಾಟಿಗೆ ಬಂದ ಮ್ಯಾಲೆ ಚೆಲ್ಲಾಕ ಮನಸ ಬರೂದಿಲ್ಲ. ಇಷ್ಟ ಚಲೋ ಊಟ ದೊಡ್ಡ ಹೋಟೆಲಿನ್ಯಾಗ ದುಡ್ಡ ಕೊಟ್ರೂ ಸಿಗಂಗಿಲ್ಲ.

ಬ್ಯಾಗಿನ್ಯಾಗ ಹುರಿದ ಶೇಂಗಾ, ಪುಠಾಣಿ ಡಬ್ಬಿ ಇರಲಿ. ಶೇಂಗಾ 100 ಗ್ರಾಮಿಗೆ 25 ಗ್ರಾಂ ಹತ್ರ ಪ್ರೋಟೀನ್ ಐತಿ, ಆದ್ರ ಎಣ್ಣಿ ಅಂಶನೂ ಐತಿ, ಒಂದ ಮುಷ್ಟಿ ಸಾಕು. ರಾತ್ರಿ ಲೇಟ್ ಆದ್ರ ಎಗ್ ರೈಸ್ ಬಂಡಿಯವನಿಗೇ ಹೇಳ್ರಿ, ರೈಸ್ ಬ್ಯಾಡ, ನಾಲ್ಕ ಕುದಿಸಿದ ತತ್ತಿ ಕೊಡು ಅಂತ. ಕೊಡ್ತಾನ.

ಲೆಡ್ಜರ್ ಪುಟ, ಬೆಂಗಳೂರು

ಬ್ಯಾಂಡ್ ಬಗ್ಗೆ ಒಂದು ಸೇರಿಸ್ತೀನಿ. ಈಗಿನ ಹೋಟೆಲುಗಳಲ್ಲಿ ಕಿಟಕಿಗೆ ಸರಳು ಇರಲ್ಲ, ಇಡೀ ಗಾಜು. ಬಾಗಿಲಿಗೆ ಸಿಕ್ಕಿಸೋದಾದರೆ ನಿಮ್ಮ ಕಡೆಗೆ ತೆರೆದುಕೊಳ್ಳುವ ಬಾಗಿಲು ಬೇಡ, ಎಳೆದಾಗ ಬಾಗಿಲೇ ಮುಖಕ್ಕೆ ಬರುತ್ತೆ. ಬಾತ್‌ರೂಮ್ ಬಾಗಿಲು ಸಾಮಾನ್ಯವಾಗಿ ಒಳಕ್ಕೆ ತೆರೆಯುತ್ತೆ, ಅದನ್ನು ಮುಚ್ಚಿ, ಹೊರಗೆ ನಿಂತು ಎಳೆದರೆ ಚೌಕಟ್ಟು ತಡೆಯುತ್ತೆ. ಪ್ಲಾಸ್ಟಿಕ್ ಬಾಗಿಲಾದರೆ ಅದೂ ಬೇಡ, ಕೀಲು ಕಿತ್ತು ಬರುತ್ತೆ.

ಟೂರ್ ಬ್ಯಾಗ್, ದಾವಣಗೆರೆ

ನಾಲ್ಕು ವಾರ ಆಯ್ತು, ಬಳ್ಳಾರಿ ಲಾಡ್ಜಿನಿಂದ ಬರೀತಿದೀನಿ. ಮಾಡಿದ್ದು ಇಷ್ಟು: ದಿನ ಬಿಟ್ಟು ದಿನ 10 ದಂಡ 20 ಬಸ್ಕಿ, ಈಗ ನಾಲ್ಕು ಸುತ್ತು. ಕಿಟಕಿ ಸರಳಿಗೆ ಬ್ಯಾಂಡ್ ಹಾಕಿ ಬೆನ್ನಿನದು ಮೂರು ಸೆಟ್. ರಾತ್ರಿ ಊಟ ಆದ ಮೇಲೆ ಕಾಲು ಗಂಟೆ ನಡಿಗೆ, ಇದೊಂದು ನಾಲ್ಕು ದಿನ ಬಿಟ್ರೆ ತಪ್ಪಿಲ್ಲ. ಮನೆಗೆ ಹೋದಾಗ ಜಿಮ್ಮಲ್ಲಿ ನಲವತ್ತೈದು ನಿಮಿಷ ಮಾತ್ರ. 60 ಕೆಜಿ ಸ್ಕ್ವಾಟ್ ಆರಾಮಾಗಿ ಬಂತು, ಮರುದಿನ ಮೆಟ್ಟಿಲೂ ಇಳಿದೆ. ತೂಕ ಒಂದೂವರೆ ಕೆಜಿ ಇಳಿದಿದೆ. ಶುಗರ್ ಮೂರು ತಿಂಗಳ ಟೆಸ್ಟ್ ಮಾಡಿಸಬೇಕು, ಅದು ಬಂದಾಗ ಇಲ್ಲೇ ಬರೀತೀನಿ.

ಬಿಟ್ಟಿದ್ದೂ ಹೇಳಬೇಕು. ರಾಯಚೂರಲ್ಲಿ ನಾಲ್ಕು ದಿನ ಯಂತ್ರ ಕೈಕೊಟ್ಟು ರಾತ್ರಿ ಒಂದು ಗಂಟೆ ತನಕ ಕೆಲಸ ಇತ್ತು, ಆ ನಾಲ್ಕು ದಿನ ಏನೂ ಆಗಲಿಲ್ಲ. ಮೊದಲಾಗಿದ್ರೆ ಅಲ್ಲಿಗೇ ಕೈಬಿಡ್ತಿದ್ದೆ. ಐದನೇ ದಿನ ಎರಡು ಸುತ್ತಿಂದ ಮತ್ತೆ ಶುರು ಮಾಡಿದೆ.

ಸೋಮವಾರದಿಂದ ಮೂರು ದಿನ ಕಲಬುರಗಿ. ಈ ಸಲ ರೂಮು ಅಪ್ಪನ ಕೆರೆ ಹತ್ರ ಹಿಡಿದೀನಿ.

ಉಣಕಲ್ ದಂಡಿ, ಹುಬ್ಬಳ್ಳಿ

ಮಂಗಳವಾರ ನಾನೂ ಕಲಬುರಗಿಯೊಳಗ ಇರತೀನ್ರಿ. ಮುಂಜಾನೆ 5.45ಕ್ಕ ಕೆರಿ ದಂಡಿಗೆ ಬರ್ರಿ, ಎರಡು ಸುತ್ತ ಹಾಕೂಣು. ಆಮೇಲೆ ಸುಶಲಾ ತಿಂದು ಡ್ಯೂಟಿಗೆ ಹೋಗೂಣು. ಹಳದಿ ಬ್ಯಾಂಡ್ ಒಂದು ನನ್ನ ಹತ್ರ ಹೆಚ್ಚಿಗಿ ಐತಿ, ನಿಮಗ ತರತೀನಿ.

ಟೂರ್ ಬ್ಯಾಗ್, ದಾವಣಗೆರೆ

ಬರ್ತೀನಿ ಅಣ್ಣ. ನೀಲಿ ಟೋಪಿ ಹಾಕಿರ್ತೀನಿ.